ಮಾರ್ಚ್‌ನಲ್ಲಿ ನಿಂತ ಬರೆ ಜುಲೈನಲ್ಲಿ ಏಕೆ ಬೀಳುತ್ತದೆ?

ಮಡಿಕೇರಿ, ಸುಳ್ಯ, ಸಕಲೇಶಪುರದ ಕಡೆ ಮನೆಗೆಂದು ಹತ್ತು ಸೆಂಟ್ಸ್ ಜಾಗ ಸಿಕ್ಕಿದರೆ ಅದು ಬಹುಮಟ್ಟಿಗೆ ಇಳಿಜಾರೇ ಆಗಿರುತ್ತದೆ. ಹಾಗಾಗಿ ಮೊದಲ ಕೆಲಸ ಸಮತಟ್ಟು ಮಾಡುವುದು. ಬೇಸಿಗೆಯಲ್ಲಿ ಗಂಟೆ ಲೆಕ್ಕದ ಜೆಸಿಬಿಯೋ ಹಿಟಾಚಿಯೋ ಬಂದು ಗುಡ್ಡದ ಬುಡ ಕಡಿದು, ಬಂದ ಮಣ್ಣನ್ನು ಕೆಳಗಡೆಗೆ ದೂಡಿ, ಹಿಂದೊಂದು ಹದಿನೈದು ಅಡಿಯ ನೆಟ್ಟನೆಯ ಬರೆ ಬಿಟ್ಟು ಹೋಗುತ್ತದೆ. "ಬರೆ ಗಟ್ಟಿ ಉಂಟು ಸಾರ್, ಹಾಗೇ ನಿಲ್ತದೆ" ಎನ್ನುತ್ತಾನೆ ಆಪರೇಟರ್. ಅವನ ಮಾತು ಸುಳ್ಳಲ್ಲ, ಮಾರ್ಚ್ ತಿಂಗಳ ಮಟ್ಟಿಗೆ.

ಕಡಲತೀರದಲ್ಲಿ ಮಕ್ಕಳು ಕಟ್ಟುವ ಮರಳಿನ ಗೂಡನ್ನು ನೆನೆಸಿಕೊಳ್ಳಿ. ಮರಳು ಹದವಾಗಿ ಒದ್ದೆಯಿದ್ದರೆ ಗೋಡೆ ನೆಟ್ಟಗೆ ನಿಲ್ಲುತ್ತದೆ, ಅಲೆ ಬಂದು ತೋಯಿಸಿದರೆ ಕರಗಿ ಕೂರುತ್ತದೆ. ಕಣಗಳ ನಡುವಿನ ತುಸು ತೇವ ಅವನ್ನು ಒಂದಕ್ಕೊಂದು ಸೆಳೆದು ಹಿಡಿದಿರುತ್ತದೆ. ಸಂದುಗಳೆಲ್ಲ ನೀರಿನಿಂದ ತುಂಬಿದೊಡನೆ ಆ ಸೆಳೆತ ಇಲ್ಲವಾಗುತ್ತದೆ. ಬರೆಯಲ್ಲೂ ನಡೆಯುವುದು ಇದೇ. ಬೇಸಿಗೆಯ ಬರೆ ಗಟ್ಟಿಯಾಗಿ ಕಾಣಿಸುವುದರಲ್ಲಿ ಒಂದು ಪಾಲು ಮಣ್ಣಿನ ಸ್ವಂತ ಬಲ, ಇನ್ನೊಂದು ಪಾಲು ಈ ಸಾಲದ ಬಲ. ಪುನರ್ವಸು ಮಳೆ ಮೂರು ದಿನ ಬಿಡದೆ ಹೊಡೆದರೆ ಸಾಲ ತೀರುತ್ತದೆ. ಜೊತೆಗೆ ಒದ್ದೆಯಾದ ಮಣ್ಣಿನ ತೂಕ ಏರುತ್ತದೆ, ಒಳಗೆ ನಿಂತ ನೀರು ಕಣಗಳನ್ನು ದೂರ ತಳ್ಳಿ ಅವುಗಳ ನಡುವಿನ ತಿಕ್ಕಾಟವನ್ನೂ ಕಡಿಮೆ ಮಾಡುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರ್ ಮೀರಿ ಮಳೆಯಾಗುತ್ತದೆ; ಅದರಲ್ಲಿ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ.

ಕರಾವಳಿಯ ಗುಡ್ಡಗಳಲ್ಲಿ ಇನ್ನೊಂದು ತೊಡಕಿದೆ. ಮೇಲೆ ಮುರಕಲ್ಲಿನ ಗಟ್ಟಿ ಪದರ, ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು. ಮುರಕಲ್ಲು ಗಾಳಿಗೆ ಬಿದ್ದಷ್ಟೂ ಗಟ್ಟಿಯಾಗುತ್ತದೆ. ಶೇಡಿ ಒಣಗಿದ್ದಾಗ ಗುದ್ದಲಿಗೂ ಸುಲಭಕ್ಕೆ ಬಗ್ಗದು, ನೆನೆದರೆ ಮಾತ್ರ ಪಾಯಸ. ಮುರಕಲ್ಲಿನ ತೂತುಗಳಲ್ಲಿ ಇಳಿದ ನೀರು ಶೇಡಿಯ ನೆತ್ತಿಯಲ್ಲಿ ತಡೆದು ಪಕ್ಕಕ್ಕೆ ಹರಿಯುತ್ತದೆ. ಮಳೆಗಾಲದಲ್ಲಿ ಒರತೆ ಏಳುವುದು ಹೆಚ್ಚಾಗಿ ಈ ಗೆರೆಯಲ್ಲೇ. ಬರೆ ಕಡಿಯುವಾಗ ಮುರಕಲ್ಲು ದಾಟಿ ಶೇಡಿ ತೆರೆದುಕೊಂಡರೆ, ಅದು ಸವೆದು ಹೋಗಿ ಮೇಲಿನ ಕಲ್ಲು ಚಾಚಿಕೊಂಡು ನಿಲ್ಲುತ್ತದೆ, ಒಂದು ದಿನ ಬಂಡೆ ಬಂಡೆಯಾಗಿ ಉರುಳುತ್ತದೆ. ಮೇಲೆ ಮುರಕಲ್ಲು ಕಂಡಿತೆಂದು ಧೈರ್ಯ ಮಾಡುವವರು ಪಕ್ಕದ ಬಾವಿಯೊಳಗೊಮ್ಮೆ ಇಣುಕಿದರೆ ಸಾಕು, ಯಾವ ಆಳದಲ್ಲಿ ಏನಿದೆಯೆಂದು ಅದರ ಗೋಡೆಯೇ ತೋರಿಸುತ್ತದೆ.

2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳು ಜಾರಿದವು. ಪರಿಶೀಲನೆಗೆ ಬಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಜ್ಞರು ಅತಿಮಳೆಯ ಜೊತೆಗೆ, ರಸ್ತೆ ಮತ್ತು ಕಟ್ಟಡಗಳಿಗಾಗಿ ಇಳಿಜಾರು ಕಡಿದದ್ದನ್ನೂ ಕಾರಣವಾಗಿ ಹೆಸರಿಸಿದರು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಹೆದ್ದಾರಿ 66ರ ಪಕ್ಕದ ಗುಡ್ಡ ರಸ್ತೆಯನ್ನು ದಾಟಿ ಗಂಗಾವಳಿ ನದಿಗೇ ಬಂದು ಬಿತ್ತು. ಅಲ್ಲಿಯೂ ರಸ್ತೆ ಅಗಲಿಸಲು ಗುಡ್ಡದ ಬುಡ ಕಡಿಯಲಾಗಿತ್ತು. ಮನೆ ಕಟ್ಟುವವರ ಬರೆ ಇಷ್ಟು ದೊಡ್ಡದಲ್ಲ ನಿಜ, ಆದರೆ ಅದನ್ನು ಬೀಳಿಸುವ ಲೆಕ್ಕ ಬೇರೆಯೇನಲ್ಲ.

ಆ ಲೆಕ್ಕವನ್ನು ಕೊಂಚ ನೋಡೋಣ. ಸಾಧಾರಣ ಮಣ್ಣನ್ನು ತಡೆಯುವ 3 ಮೀಟರ್ ಎತ್ತರದ ಗೋಡೆಗೆ, ಹಿಂದಿನ ಮಣ್ಣು ಮಟ್ಟವಾಗಿದ್ದು ಒಣಗಿದ್ದರೆ, ಪ್ರತಿ ಮೀಟರ್ ಉದ್ದಕ್ಕೆ ಸುಮಾರು ಎರಡೂಮುಕ್ಕಾಲು ಟನ್ ತಳ್ಳುಬಲ ಬೀಳುತ್ತದೆ. ಎತ್ತರ 6 ಮೀಟರ್ ಆದರೆ ಅದು ಎರಡು ಪಟ್ಟಲ್ಲ, ನಾಲ್ಕು ಪಟ್ಟು: ಹತ್ತಿರಹತ್ತಿರ 11 ಟನ್. ಗೋಡೆಯನ್ನು ಮಗುಚುವ ಬಲವಂತೂ ಎಂಟು ಪಟ್ಟು. ಈಗ ಅದೇ 3 ಮೀಟರ್ ಗೋಡೆಯ ಹಿಂದೆ ನೀರು ತುಂಬಿತೆನ್ನಿ, ತಳ್ಳುಬಲ 6 ಟನ್ ಮುಟ್ಟುತ್ತದೆ. ಮೇಲೆ ಗುಡ್ಡ ಇಳಿಜಾರಾಗಿಯೇ ಮುಂದುವರಿದಿದ್ದರೆ ಇನ್ನೂ ಹೆಚ್ಚು. ಎತ್ತರದ ಒಂದೇ ಗೋಡೆಗಿಂತ ನಡುವೆ ಜಾಗ ಬಿಟ್ಟ ಎರಡು ಗಿಡ್ಡ ಗೋಡೆಗಳು ಲೇಸೆನ್ನುವುದು, ನೀರಿಗೆ ದಾರಿ ಬಿಡದ ಗೋಡೆ ಎಷ್ಟು ದಪ್ಪವಿದ್ದರೂ ನಂಬಬಾರದೆನ್ನುವುದು ಈ ಕಾರಣಕ್ಕೆ.

ಆದ್ದರಿಂದ ಕೆಲಸ ಆರಂಭವಾಗಬೇಕಾದ್ದು ಬರೆಯ ಮೇಲುಗಡೆ. ಕಡಿಯುವ ಅಂಚಿನಿಂದ ಕೆಲವು ಮೀಟರ್ ಹಿಂದೆ ಅಡ್ಡಲಾಗಿ ಒಂದು ಕಣಿ ತೆಗೆದು, ಮೇಲಿನ ನೀರನ್ನು ಪಕ್ಕದ ತೋಡಿಗೆ ತಿರುಗಿಸಬೇಕು. ಕಣಿಗೆ ಸಿಮೆಂಟಿನ ಒಳಪದರ ಬೇಕೇ ಬೇಕು. ಇಲ್ಲದಿದ್ದರೆ ನೀರನ್ನು ಬೇಡದ ಜಾಗದಲ್ಲೇ ಇಂಗಿಸಿದಂತಾಗುತ್ತದೆ. ಆಮೇಲೆ ಕಡಿತ ಮೇಲಿನಿಂದ ಕೆಳಕ್ಕೆ, ಮೆಟ್ಟಿಲು ಮೆಟ್ಟಿಲಾಗಿ. ಬುಡದಿಂದ ಕೊರೆದು ಮೇಲಿನದನ್ನು ತಾನಾಗಿ ಬೀಳಿಸುವುದು ಜೆಸಿಬಿಗೆ ಸಲೀಸು, ಡೀಸೆಲ್ಲೂ ಉಳಿಯುತ್ತದೆ, ಆದರೆ ಗುಡ್ಡವನ್ನು ಹಿಡಿದು ನಿಂತಿರುವುದೇ ಆ ಬುಡ. ಗೋಡೆಯ ಪಾಯವನ್ನೂ ಉದ್ದಕ್ಕೆ ಒಂದೇ ಸಲ ತೋಡಬಾರದು. ಒಂದೂವರೆ ಎರಡು ಮೀಟರ್ ಅಗಲದ ತುಂಡು ತೋಡಿ, ಪಕ್ಕದ ತುಂಡನ್ನು ಹಾಗೇ ಬಿಟ್ಟು, ತೋಡಿದ್ದರಲ್ಲಿ ಗೋಡೆ ಎದ್ದಮೇಲೆ ಬಿಟ್ಟದ್ದಕ್ಕೆ ಕೈಹಾಕಬೇಕು. ಇದು ನಿಧಾನದ ಕೆಲಸ. ಮೇಸ್ತ್ರಿಗಳು ಗೊಣಗುತ್ತಾರೆ, ಗೊಣಗಲಿ.

ಈ ನಡುವೆ, ಗೋಡೆ ಏಳುವವರೆಗೆ, ಮಣ್ಣನ್ನು ತಾತ್ಕಾಲಿಕವಾಗಿ ತಡೆದು ನಿಲ್ಲಿಸುವುದೇ ಶೋರಿಂಗ್. ಪೈಪ್ ಹಾಕುವ ಚರಂಡಿಯಲ್ಲಿ ಇದು ಸುಲಭ. ಎರಡೂ ಬದಿಗೆ ಹಲಗೆ ನಿಲ್ಲಿಸಿ ನಡುವೆ ಅಡ್ಡ ಕಂಬ ಬಿಗಿದರೆ, ಈ ಬದಿಯ ತಳ್ಳಾಟವನ್ನು ಆ ಬದಿಯ ತಳ್ಳಾಟವೇ ತಡೆಯುತ್ತದೆ. ಬೆಂಗಳೂರಿನ ಬೇಸ್‌ಮೆಂಟ್ ಗುಂಡಿಗೂ ನಾಲ್ಕು ಸುತ್ತ ಮಣ್ಣಿರುವುದರಿಂದ ಒಂದು ಗೋಡೆಯ ಭಾರವನ್ನು ಎದುರಿನ ಗೋಡೆಗೆ ಒಯ್ಯಬಹುದು. ಗುಡ್ಡದ ಜಾಗದಲ್ಲಿ ಎದುರಿನ ಗೋಡೆಯೇ ಇಲ್ಲ, ಇರುವುದು ಬಯಲು. ಹಲಗೆಗೆ ಓರೆ ಕಂಬ ಕೊಟ್ಟು ಅದರ ಕಾಲನ್ನು ನೆಲಕ್ಕೆ ಊರಬಹುದು. ಆದರೆ ಆ ನೆಲ ನಿನ್ನೆ ದೂಡಿದ ಸಡಿಲ ಮಣ್ಣಾಗಿದ್ದರೆ ಕಂಬವೇ ಕುಸಿಯುತ್ತದೆ. ಆದ್ದರಿಂದ ಓರೆ ಕಂಬದ ಬುಡಕ್ಕೆ ಮೂಲ ನೆಲದಲ್ಲಿ ಕಾಂಕ್ರೀಟ್ ದಿಂಡು ಬೇಕು. ಸರ್ವೆ ಮರದ ನಾಲ್ಕು ಕಂಬ, ಎರಡು ತಗಡಿನ ಶೀಟು ಒರಗಿಸಿ "ಸಪೋರ್ಟ್ ಕೊಟ್ಟಿದ್ದೇವೆ" ಎನ್ನುವುದು ಮನಸ್ಸಿಗೆ ಸಮಾಧಾನ ಕೊಡಬಹುದು, ಬರೆಗೆ ಅದರಿಂದ ಆಗುವುದು ಏನೂ ಇಲ್ಲ.

ಎತ್ತರ ಹೆಚ್ಚಿದ್ದಲ್ಲಿ ಎರಡು ದಾರಿಗಳಿವೆ. ಕಡಿಯುವ ಮೊದಲೇ ಅಂಚಿನುದ್ದಕ್ಕೆ ಆಳವಾಗಿ ಪೈಲ್ ಇಳಿಸಿ, ಅದರ ಮರೆಯಲ್ಲಿ ಕಡಿಯುತ್ತಾ ಬರುವುದು ಒಂದು. ಗುಡ್ಡವನ್ನು ಗುಡ್ಡಕ್ಕೇ ಹೊಲಿಯುವುದು ಇನ್ನೊಂದು, ಇದಕ್ಕೆ ಸಾಯಿಲ್ ನೈಲಿಂಗ್ ಎನ್ನುತ್ತಾರೆ. ಒಂದೆರಡು ಮೀಟರ್ ಕಡಿದೊಡನೆ ಬರೆಯೊಳಕ್ಕೆ ತುಸು ಕೆಳಮುಖವಾಗಿ ರಂಧ್ರ ಕೊರೆದು, ಉಕ್ಕಿನ ಸರಳು ತೂರಿಸಿ, ಸಿಮೆಂಟ್ ಹಾಲು ತುಂಬುತ್ತಾರೆ. ಮೇಲ್ಮೈಗೆ ತಂತಿಜಾಲ ಹೊದಿಸಿ ಕಾಂಕ್ರೀಟ್ ಸಿಂಪಡಿಸುತ್ತಾರೆ. ಅದು ಗಟ್ಟಿಯಾದಮೇಲೆ ಕೆಳಗಿನ ಹಂತ. ಸರಳಿನ ಉದ್ದ ಸಾಮಾನ್ಯವಾಗಿ ಬರೆಯ ಎತ್ತರದ ಮುಕ್ಕಾಲು ಪಾಲಿನಿಂದ ಪೂರ್ತಿ ಎತ್ತರದಷ್ಟು, ಅಂತರ ಮೀಟರಿನಿಂದ ಒಂದೂವರೆ ಮೀಟರ್. ಸರಳು ಪಕ್ಕದವರ ತೋಟದಡಿಗೆ ಹೋಗುವಂತಿದ್ದರೆ ಅವರ ಒಪ್ಪಿಗೆ ಮೊದಲೇ ಪಡೆಯಬೇಕು. ಹೋಂಸ್ಟೇ ಕಟ್ಟುವವರಿಗೆ ಈ ಖರ್ಚು ಹೊರೆಯಲ್ಲ. ಸಣ್ಣ ಮನೆಯವರಿಗೆ ಹೊರೆಯೇ. ಅಂಥವರು ಎತ್ತರದ ಬರೆಯ ಆಸೆಯನ್ನೇ ಬಿಟ್ಟು, ಇಳಿಜಾರಿಗೆ ತಕ್ಕಂತೆ ಮನೆಯನ್ನೇ ಎರಡು ಮಟ್ಟದಲ್ಲಿ ಕಟ್ಟುವುದು ಅಗ್ಗ.

ಇನ್ನು ಕಾಯಂ ತಡೆಗೋಡೆ. ಗುಡ್ಡಗಾಡಿನ ತಡೆಗೋಡೆಗಳಿಗೆಂದೇ ಐಎಸ್ 14458 ಎಂಬ ಭಾರತೀಯ ಮಾನಕವಿದೆ, ಎಂಜಿನಿಯರ್ ಅದನ್ನು ನೋಡಿದ್ದಾರೆಯೇ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಕಲ್ಲಿನ ಗೋಡೆಯ ಬುಡದ ಅಗಲ ಎತ್ತರದ ಸುಮಾರು ಅರ್ಧದಷ್ಟಾದರೂ ಇರಬೇಕಾಗುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ದೋಷ ಮಾತ್ರ ಬೇರೆ: ಗೋಡೆಯ ಮುಖದಲ್ಲಿ ನೀರು ಹೋಗಲು ಪೈಪು ಇರುತ್ತದೆ, ಪೈಪಿನ ಹಿಂದೆ ಜಲ್ಲಿ ಇರುವುದಿಲ್ಲ. ಉಳಿದ ಮಣ್ಣನ್ನೇ ಹಿಂದಕ್ಕೆ ತುಂಬಿಬಿಟ್ಟರೆ ಒಂದೇ ಮಳೆಗಾಲಕ್ಕೆ ಪೈಪು ಕಟ್ಟಿಕೊಳ್ಳುತ್ತದೆ. ಗೋಡೆಯ ಹಿಂದೆ ಅಡಿಯಿಂದ ಮೇಲಿನವರೆಗೆ ಅಡಿಯಗಲದ ಜಲ್ಲಿ ಪದರ, ಜಲ್ಲಿಗೂ ಮಣ್ಣಿಗೂ ನಡುವೆ ಸೋಸುವ ಬಟ್ಟೆ, ಮೇಲೆ ಅಂಟುಮಣ್ಣಿನ ಮುಚ್ಚಿಗೆ ಬೇಕು. ಗಾರೆಯಿಲ್ಲದ ಕಲ್ಲಿನ ಗೋಡೆ, ತಂತಿಬುಟ್ಟಿಗೆ ಕಲ್ಲು ತುಂಬಿದ ಗೇಬಿಯನ್ ಗೋಡೆಗಳು ತಾವಾಗಿಯೇ ನೀರು ಬಿಡುತ್ತವೆ. ಸಣ್ಣ ಎತ್ತರಕ್ಕೆ ನನ್ನ ಓಟು ಅವಕ್ಕೆ.

ಕೆಳಗಡೆಗೆ ದೂಡಿದ ಮಣ್ಣಿನ ಮೇಲೆ ಮನೆಯ ಅರ್ಧ ಕೂರಿಸಬೇಡಿ. ಕಡಿದ ನೆಲ ಅಲುಗುವುದಿಲ್ಲ, ತುಂಬಿದ ನೆಲ ಇಳಿಯುತ್ತದೆ, ಬಿರುಕು ನಡುವೆ ಬೀಳುತ್ತದೆ. ಆ ಬದಿಯ ಪಾಯ ತುಂಬುಮಣ್ಣನ್ನು ದಾಟಿ ಮೂಲ ನೆಲ ಮುಟ್ಟಬೇಕು.

ಮನೆಯ ನೀರೂ ಲೆಕ್ಕಕ್ಕೆ ಬರುತ್ತದೆ. ನೂರು ಚದರ ಮೀಟರಿನ ಮಾಡು 3,000 ಮಿಲಿಮೀಟರ್ ಮಳೆಗೆ ವರ್ಷಕ್ಕೆ 3 ಲಕ್ಷ ಲೀಟರ್ ನೀರು ಇಳಿಸುತ್ತದೆ. ಮಳೆಕೊಯ್ಲಿನ ಉತ್ಸಾಹದಲ್ಲಿ ಇಂಗುಗುಂಡಿಯನ್ನು ಬರೆಯ ನೆತ್ತಿಯಲ್ಲಿ ತೋಡಿದವರಿದ್ದಾರೆ. ಬಯಲುಸೀಮೆಯ ಒಳ್ಳೆಯ ಅಭ್ಯಾಸ ಇಲ್ಲಿ ಅಪಾಯ. ಶೌಚದ ಗುಂಡಿಗೂ ಇದೇ ಮಾತು.

ಬರೆ ಬೀಳುವ ಮೊದಲು ಸೂಚನೆ ಕೊಡುವುದುಂಟು. ಅಂಚಿಗೆ ಸಮಾನಾಂತರವಾಗಿ ನೆಲ ಬಿರಿಯುತ್ತದೆ, ಕಂಬವೋ ಅಡಿಕೆ ಮರವೋ ವಾಲುತ್ತದೆ, ತಿಳಿಯಾಗಿದ್ದ ಒರತೆ ಕೆಂಪಾಗುತ್ತದೆ ಅಥವಾ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಇವುಗಳಲ್ಲಿ ಯಾವುದೇ ಒಂದು ಕಂಡರೂ ಆ ರಾತ್ರಿ ಬರೆಯ ಬದಿಯ ಕೋಣೆಯಲ್ಲಷ್ಟೇ ಅಲ್ಲ, ಆ ಮನೆಯಲ್ಲೇ ಮಲಗಬಾರದು. ಬಿರುಕಿಗೆ ನೀರಿಳಿಯದಂತೆ ಟಾರ್ಪಾಲು ಹೊದಿಸುವುದನ್ನೂ ಹಗಲಲ್ಲೇ, ಅಂಚಿನಿಂದ ದೂರ ನಿಂತು ಮಾಡಬೇಕು.

ಬಿದ್ದಮೇಲೆ ಎಲ್ಲರೂ ಮಾಡುವುದು ಮರುದಿನವೇ ಜೆಸಿಬಿ ತರಿಸಿ ಮಣ್ಣು ಬಾಚುವುದು. ಜಾರಿ ಬಂದ ಆ ರಾಶಿಯೇ ಈಗ ಉಳಿದ ಗುಡ್ಡಕ್ಕೆ ಆಸರೆ. ಮಳೆ ನಡುವೆ ಅದನ್ನು ತೆಗೆದರೆ ಎರಡನೆಯ ಕುಸಿತ ಯಂತ್ರದ ಮೇಲೋ ಕೆಲಸದವರ ಮೇಲೋ ಬೀಳುತ್ತದೆ. ದಾರಿಗೆ ಬೇಕಾದಷ್ಟನ್ನು ಮಾತ್ರ, ಒಬ್ಬರನ್ನು ಮೇಲೆ ನೋಡುತ್ತಿರಲು ನಿಲ್ಲಿಸಿ, ರಾಶಿಯ ಹೊರ ಅಂಚಿನ ಕಡೆಯಿಂದ ತೆಗೆಯಿರಿ. ಬರೆಯ ಬುಡಕ್ಕೆ ಒರಗಿರುವ ಮಣ್ಣು ನವೆಂಬರ್‌ವರೆಗೆ ಅಲ್ಲೇ ಇರಲಿ.