ನೀರಿನ ಒತ್ತಡವನ್ನು ಹದದಲ್ಲಿಡುವ ಕವಾಟ

ಕಲ್ಕತ್ತೆಯ ದಕ್ಷಿಣ ಭಾಗದಲ್ಲಿ, ರವೀಂದ್ರ ಸರೋವರಕ್ಕೆ ಸಮೀಪವಾಗಿರುವ ಲೇಕ್ ಗಾರ್ಡನ್ಸ್ ಬಡಾವಣೆಯ ಹಳೆಯ ಮನೆಗಳಲ್ಲಿ ವಾಸಿಸತಕ್ಕವರಿಗೆ ನಲ್ಲಿಯ ನೀರು ಸಣ್ಣಗಾಯಿತೆಂಬ ಚಿಂತೆ ಬಂದೀತೇ ಹೊರತು, ಅದರ ರಭಸ ಮಿತಿಮೀರಿತೆಂಬ ಚಿಂತೆ ಬರುವ ಸಂಭವ ಅಲ್ಪ. ನಗರದ ನೀರು ನೆಲದಡಿಯ ತೊಟ್ಟಿಗೆ ಬಂದು ಸೇರುತ್ತದೆ. ಪಂಪು ಅದನ್ನು ತಾರಸಿಯ ಟ್ಯಾಂಕಿಗೆ ಏರಿಸುತ್ತದೆ. ಅಲ್ಲಿಂದ ನೀರು ತನ್ನ ಭಾರದಿಂದಲೇ ಇಳಿದುಬರುತ್ತದೆ. ಹತ್ತು ಮೀಟರು ಎತ್ತರದ ನೀರು ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋ ಒತ್ತಡವನ್ನು ಹೇರುವುದರಿಂದ, ನಾಲ್ಕಂತಸ್ತಿನ ಮನೆಯ ಕೆಳಗಣ ನಲ್ಲಿಗೂ ಒಂದೂವರೆ ಕಿಲೋಗಿಂತ ಹೆಚ್ಚೇನೂ ದೊರೆಯದು.

ಇಲ್ಲಿ ಎಣಿಕೆಗೆ ಬರುವುದು ನೀರಿನ ಎತ್ತರವೊಂದೇ, ಪರಿಮಾಣವಲ್ಲ. ಇದೇ ನಗರದ ಉತ್ತರದಲ್ಲಿ 1911ರಿಂದ ನಿಂತಿರುವ ಟಾಲಾ ಟ್ಯಾಂಕು 90 ಲಕ್ಷ ಗ್ಯಾಲನ್ ನೀರನ್ನು ಹಿಡಿಯಬಲ್ಲುದಾದರೂ, ಅದು ನೆಲದ ಕೊಳಾಯಿಗೆ ಕೊಡಬಲ್ಲ ಒತ್ತಡವನ್ನು ನಿರ್ಣಯಿಸುವುದು ಅದರ 110 ಅಡಿಯ ಎತ್ತರವೇ. ಆ ಒತ್ತಡ ಮೂರು ಕಿಲೋಗಿಂತ ತುಸು ಹೆಚ್ಚು. ಆದರೆ ಲೇಕ್ ಗಾರ್ಡನ್ಸ್‌ಗೆ ಅನತಿದೂರದ ಪ್ರಿನ್ಸ್ ಅನ್ವರ್ ಷಾ ರಸ್ತೆಯಲ್ಲಿ ಎದ್ದಿರುವ, 35 ಅಂತಸ್ತುಗಳ ಸೌತ್ ಸಿಟಿ ಗೋಪುರಗಳಂಥ ಕಟ್ಟಡದಲ್ಲಿ ತುದಿಯಿಂದ ಬುಡದವರೆಗೆ ಒಂದೇ ಕೊಳವೆಯನ್ನು ಇಳಿಬಿಟ್ಟರೆ, ಕೆಳಮನೆಯ ನಲ್ಲಿಯ ಮೇಲೆ ಹತ್ತು ಕಿಲೋ ಒತ್ತಡ ಬೀಳುವುದು. ಗೃಹಕೃತ್ಯಕ್ಕೆ ಎರಡು ಮೂರು ಕಿಲೋ ಧಾರಾಳ. ಮಿಕ್ಕುದನ್ನು ತಡೆಯದಿದ್ದಲ್ಲಿ ವಾಷರುಗಳು ಹರಿಯುತ್ತವೆ, ಕಮೋಡಿನ ಟ್ಯಾಂಕು ಸದಾ ಸೋರುತ್ತದೆ, ಗೀಸರಿನ ಬೆಸುಗೆ ಬಿರಿಯುತ್ತದೆ. ಒತ್ತಡ ನಿಯಂತ್ರಕ ಕವಾಟದ ಅವಶ್ಯಕತೆ ಹುಟ್ಟುವುದು ಅಲ್ಲಿ.

ಮುಷ್ಟಿಯಲ್ಲಿ ಹಿಡಿಯಬಹುದಾದ ಈ ಹಿತ್ತಾಳೆಯ ಉಪಕರಣಕ್ಕೆ ವಿದ್ಯುತ್ತಿನ ಹಂಗಿಲ್ಲ. ಮೇಲಿನ ಗುಮ್ಮಟದೊಳಗೆ ಒಂದು ಸ್ಪ್ರಿಂಗು. ಅದರಡಿಯಲ್ಲಿ ಡಯಾಫ್ರಂ ಎಂಬ ಅಗಲವಾದ ರಬ್ಬರಿನ ಪೊರೆ. ಪೊರೆಯ ನಡುವಿನಿಂದ ಇಳಿದ ಕಡ್ಡಿಯ ತುದಿಯಲ್ಲಿ, ನೀರು ನುಗ್ಗುವ ಕಿರುಬಾಯನ್ನು ಮುಚ್ಚಬಲ್ಲ ಒಂದು ವಾಷರು. ನಲ್ಲಿ ತೆರೆದಾಗ ಮನೆಯ ಕಡೆಯ ಒತ್ತಡ ಕುಗ್ಗಿ, ಸ್ಪ್ರಿಂಗು ಪೊರೆಯನ್ನು ಕೆಳಗೊತ್ತಿ ಬಾಯನ್ನು ತೆರೆಯುತ್ತದೆ. ನಲ್ಲಿ ನಿಂತಾಗ ಆ ಒತ್ತಡವೇ ಏರಿ, ಪೊರೆಯನ್ನು ಮೇಲಕ್ಕೆತ್ತಿ ಬಾಯನ್ನು ಮುಚ್ಚುತ್ತದೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಸ್ಪ್ರಿಂಗಿನ ಬಲವನ್ನೂ ಇನ್ನೊಂದರಲ್ಲಿ ನೀರಿನ ಒತ್ತಡವನ್ನೂ ಇಟ್ಟು ಹಗಲಿರುಳು ತೂಗುವ ಕಾರ್ಯವಿದು. ಪೊರೆ ವಿಶಾಲವಾಗಿಯೂ ಬಾಯಿ ಕಿರಿದಾಗಿಯೂ ಇರುವುದರಲ್ಲಿಯೇ ಇದರ ಮರ್ಮವಿದೆ: ಅಗಲವಾದ ಪೊರೆಯ ಮೇಲಿನ ಅಲ್ಪ ಒತ್ತಡವು ಕಿರಿದಾದ ಬಾಯಿಯ ಮೇಲಿನ ಮಹತ್ತಾದ ಒತ್ತಡವನ್ನು ಜಯಿಸುತ್ತದೆ. ಇಷ್ಟು ಸರಳವಾದ ಸಾಧನಗಳಿಂದ ಇಷ್ಟು ನಂಬಿಕೆಯ ಕೆಲಸವನ್ನು ಮಾಡಿಸಿಕೊಂಡ ಬುದ್ಧಿಯನ್ನು ನಾನು ಎಷ್ಟು ಮೆಚ್ಚಿದರೂ ಸಾಲದು.

ಈ ಕವಾಟ ಕೆಟ್ಟುದನ್ನು ಕಂಡುಹಿಡಿಯಲು ರಾತ್ರಿಯೇ ಪ್ರಶಸ್ತ ಕಾಲ. ಬಾಯಿಗೂ ವಾಷರಿಗೂ ನಡುವೆ ಒಂದು ಮರಳುಕಣ ಸಿಕ್ಕಿಕೊಂಡರೆ ಸಾಕು; ಹಗಲೆಲ್ಲ ನೀರು ಹರಿಯುತ್ತಿರುವಾಗ ದೋಷ ಕಾಣುವುದಿಲ್ಲ, ಎಲ್ಲ ನಲ್ಲಿಗಳೂ ಮುಚ್ಚಿರುವಾಗ ಒಳಗಿನ ಒತ್ತಡ ಮೆಲ್ಲಮೆಲ್ಲನೆ ಏರಿ ಹೊರಗಿನದಕ್ಕೆ ಸಮವಾಗುತ್ತದೆ. ಬಂಗಾಳದ ಅಂತರ್ಜಲದಲ್ಲಿ ಕಬ್ಬಿಣದ ಅಂಶ ಹೇರಳವಾದುದರಿಂದ, ಕೊಳವೆಬಾವಿಯ ನೀರನ್ನು ಬಳಸುವ ಕಟ್ಟಡಗಳಲ್ಲಿ ಕೆಂಪು ಗಸಿಯೂ ಈ ಕೀಟಲೆಗೆ ಕೈಜೋಡಿಸುತ್ತದೆ. ಕವಾಟದಾಚೆ ಒಂದು ಪ್ರೆಷರ್ ಗೇಜನ್ನು ಕೂಡಿಸಿ, ಮುಳ್ಳು ಏರುತ್ತಿದೆಯೇ ಎಂಬುದನ್ನು ನೋಡಬೇಕು. ಗೀಸರನ್ನು ಮುಂಚಿತವಾಗಿ ಆರಿಸಿಟ್ಟಿರಬೇಕು. ಕಾದ ನೀರು ಹಿಗ್ಗಿಯೂ ಮುಳ್ಳನ್ನು ಏರಿಸಬಲ್ಲುದು, ಆಗ ನಿರಪರಾಧಿ ಕವಾಟದ ಮೇಲೆ ಅಪವಾದ ಬರುತ್ತದೆ. ಗುಮ್ಮಟದ ಸಣ್ಣ ರಂಧ್ರದಿಂದ ನೀರು ತೊಟ್ಟಿಕ್ಕುತ್ತಿದ್ದರೆ ಪೊರೆ ಹರಿದಿದೆಯೆಂದೇ ತಿಳಿಯಬೇಕು.

ನೀರು ಸಣ್ಣಗಾದೊಡನೆ, ಸ್ಪ್ರಿಂಗನ್ನು ಅಮುಕುವ ಮೇಲಣ ತಿರುಪನ್ನು ಬಿಗಿಮಾಡುವ ಅಭ್ಯಾಸ ಬಹಳ ಮಂದಿಗುಂಟು, ಇದು ಸಲ್ಲದು. ಅನೇಕ ವೇಳೆ, ಕವಾಟಕ್ಕೆ ಬರುವ ನೀರಿನ ಕಸವನ್ನು ತಡೆಯುವ ಜಾಲರಿ ಕಟ್ಟಿಕೊಂಡಿರುತ್ತದೆ. ಅದನ್ನು ತೊಳೆದ ದಿನ, ಬಿಗಿಮಾಡಿದ ಸ್ಪ್ರಿಂಗು ಮನೆಗೆಲ್ಲ ಅತಿಯಾದ ಒತ್ತಡವನ್ನು ಬಿಡುತ್ತದೆ. ಕವಾಟವನ್ನು ಬಿಚ್ಚಿ ನೋಡುವಾಗ ಮೊದಲು ಅದರ ಹಿಂದಿನ, ನೀರು ಬರುವ ಕಡೆಯ ವಾಲ್ವನ್ನು ಮುಚ್ಚಿ, ಒಂದು ನಲ್ಲಿಯನ್ನು ತೆರೆದು ಒಳಗಿನ ಒತ್ತಡವನ್ನು ಕಳೆಯತಕ್ಕದ್ದು. ಅನಂತರ ತಿರುಪನ್ನು ಪೂರ್ತಿಯಾಗಿ ಸಡಿಲಿಸಿಯೇ ಗುಮ್ಮಟವನ್ನು ಬಿಚ್ಚಬೇಕು, ಇಲ್ಲವಾದರೆ ಅಮುಕಿದ ಸ್ಪ್ರಿಂಗು ಮುಖಕ್ಕೇ ಚಿಮ್ಮೀತು. ಜಾಲರಿಯನ್ನೂ ಬಾಯಿಯ ಅಂಚನ್ನೂ ತೊಳೆದು, ಉಗುರನ್ನು ಆ ಅಂಚಿನ ಸುತ್ತ ಆಡಿಸಿ ನೋಡಬೇಕು: ನುಣುಪಾಗಿದ್ದರೆ ಹೊಸ ವಾಷರು, ಹೊಸ ಪೊರೆ ಸಾಕು, ನೀರು ಕೊರೆದು ಗೀರು ಬಿದ್ದಿದ್ದರೆ, ಆ ಅಂಚು ಬಿಚ್ಚಿ ಬದಲಿಸಬಹುದಾದ ಬಗೆಯದಲ್ಲದ ಪಕ್ಷದಲ್ಲಿ, ಕವಾಟವನ್ನೇ ಬದಲಿಸುವುದು ವಿವೇಕ. ಹೊಸದನ್ನು ಕೂಡಿಸುವ ಮುನ್ನ ಬರಿಯ ಕೊಳವೆಯಲ್ಲಿ ಸ್ವಲ್ಪ ಹೊತ್ತು ನೀರು ಹರಿಸಿ ಕಸವನ್ನು ಹೊರಹಾಕಬೇಕು. ಒಡಲಿನ ಮೇಲಿನ ಬಾಣದ ಗುರುತು ನೀರು ಹರಿಯುವ ದಿಕ್ಕಿಗೇ ಇರಬೇಕು. ತಿರುಪನ್ನು ಕಾಲು ಸುತ್ತಿನಷ್ಟೇ ಬಲಕ್ಕೆ ತಿರುಗಿಸುತ್ತ, ನಲ್ಲಿಯನ್ನೊಮ್ಮೆ ತೆರೆದು ಮುಚ್ಚಿ, ಮುಳ್ಳು ಎರಡೂವರೆ ಕಿಲೋ ಬಳಿ ನಿಂತಾಗ ಬಿಗಿನಟ್ಟನ್ನು ಬಿಗಿಯಬೇಕು. ಮರುದಿನ ಬೆಳಗ್ಗೆ, ಯಾರೂ ನಲ್ಲಿ ತೆರೆಯುವ ಮೊದಲು, ಮುಳ್ಳು ಅಲ್ಲಿಯೇ ಇದೆಯೇ ಎಂಬುದನ್ನು ನೋಡಿದ ಮೇಲೆಯೇ ಗೇಜನ್ನು ಬಿಚ್ಚಬಹುದು.