ರಾಜ್ಯ ಹೋದ ಮೇಲೆ ಬೆಳೆದ ವಂಶಾವಳಿ

ತಿ. ನರಸೀಪುರ ತಾಲ್ಲೂಕಿನ ತಲಕಾಡಿಗೆ ಹೋದವರ ಕಿವಿಗೆ ಮೊದಲು ಬೀಳುವುದು ಊರು ಮರಳಾಗಲೆಂದ ಅಲಮೇಲಮ್ಮನ ಶಾಪದ ಕತೆ. ಆದರೆ ಆ ಕತೆಯ ಕಾಲಕ್ಕೂ ಸಾವಿರ ವರ್ಷಗಳಿಗಿಂತ ಹಿಂದೆಯೇ ಇದು ಗಂಗರ ರಾಜಧಾನಿಯಾಗಿತ್ತು.

ವಂಶದ ಮೂಲಪುರುಷ ಕೊಂಗುಣಿವರ್ಮ ಮಾಧವ. ಕ್ರಿ.ಶ. 350ರ ಸುಮಾರಿಗೆ ಕುವಳಾಲದಲ್ಲಿ, ಅಂದರೆ ಇಂದಿನ ಕೋಲಾರದಲ್ಲಿ, ರಾಜ್ಯ ಕಟ್ಟಿದ. ಇದೇ ವಂಶದ ಹರಿವರ್ಮನ ಕಾಲಕ್ಕೆ ರಾಜಧಾನಿ ಕಾವೇರಿ ದಂಡೆಯ ತಲಕಾಡಿಗೆ ಬಂತು. ಗಂಗರ ತಾಮ್ರಶಾಸನಗಳು ಮೂಲಪುರುಷನನ್ನು ಚುಟುಕಾಗಿ ಹೊಗಳುತ್ತವೆ: ಜಾಹ್ನವೇಯ ಕುಲದವನು, ಕಾಣ್ವಾಯನ ಗೋತ್ರದವನು, ಕತ್ತಿಯ ಒಂದೇ ಏಟಿಗೆ ಕಲ್ಲುಕಂಬ ತುಂಡರಿಸಿದವನು.

1004ರ ಸುಮಾರಿಗೆ ಚೋಳರು ತಲಕಾಡನ್ನು ಗೆದ್ದು ರಾಜರಾಜಪುರವೆಂದು ಕರೆದರು. ಗಂಗರ ರಾಜ್ಯ ಮುಗಿಯಿತು. ವಂಶದ ಕತೆ ಮೈತುಂಬಿಕೊಂಡದ್ದು ಆಮೇಲೆ. ಶಿವಮೊಗ್ಗ ಸೀಮೆಯ ಕಲ್ಲೂರುಗುಡ್ಡದ 1121ರ ಸುಮಾರಿನ ಶಾಸನದಲ್ಲಿ ಗಂಗರು ಅಯೋಧ್ಯೆಯ ಇಕ್ಷ್ವಾಕು ಕುಲದವರು. ದಡಿಗ, ಮಾಧವ ಎಂಬ ಅಣ್ಣತಮ್ಮಂದಿರು ದಕ್ಷಿಣಕ್ಕೆ ಬಂದು, ಪೇರೂರಿನಲ್ಲಿ ಜೈನ ಆಚಾರ್ಯ ಸಿಂಹನಂದಿಯ ಕೃಪೆಯಿಂದ ರಾಜ್ಯ ಪಡೆಯುತ್ತಾರೆ. ಆಗ ಗಂಗರ ಕುಡಿಗಳು ಕಲ್ಯಾಣದ ಚಾಲುಕ್ಯರ ಕೈಕೆಳಗಿನ ಮಾಂಡಲಿಕರು. ತಲಕಾಡು ಕೈತಪ್ಪಿದವರಿಗೆ ಪೂರ್ವಜರ ಹಿರಿಮೆಯೇ ಉಳಿದ ಆಸ್ತಿ.

ಪ್ರಾಚೀನ ಮೆಸೊಪೊಟೇಮಿಯಾದ ಸುಮೇರಿನಲ್ಲೂ ಕತೆ ಹೀಗೆಯೇ ಆಮೇಲೆ ಬೆಳೆಯಿತು. ಅಲ್ಲಿನ ಅರಸರ ಪಟ್ಟಿಯಲ್ಲಿ ಎರಿದುವಿನ ಅಲುಲಿಮ್ 28,800 ವರ್ಷ ಆಳುತ್ತಾನೆ, ಕಿಶ್ ನಗರದ ಎನ್‌ಮೆಬರಗೆಸಿ 900 ವರ್ಷ. ಅರಸೊತ್ತಿಗೆ ಆಕಾಶದಿಂದ ಇಳಿದು ಬಂದಿತೆನ್ನುವ ಆ ಪಟ್ಟಿ ಈ ಅರಸರಿಗಿಂತ ಶತಮಾನಗಳ ನಂತರದ್ದು. ಕಲ್ಲಿನ ಬಟ್ಟಲುಗಳ ಚೂರುಗಳ ಮೇಲೆ ಸಿಕ್ಕ ಹಳೆಯ ಬರಹ ಎನ್‌ಮೆಬರಗೆಸಿಯ ಹೆಸರನ್ನು ಹೇಳುತ್ತದೆ, ಒಂಬೈನೂರು ವರ್ಷದ ಮಾತೆತ್ತುವುದಿಲ್ಲ.

ಗಂಗರ ಬರಹಗಳೂ ಇಂಥ ಪರೀಕ್ಷೆಗೆ ಒಳಗಾದವು. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1894ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಗ್ರಹದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. ಗಂಗರ ಹಲವು ತಾಮ್ರಪಟಗಳು ಕೂಟಶಾಸನಗಳು, ಅಂದರೆ ನಕಲಿ, ಎಂದು ಇನ್ನೊಬ್ಬ ಶಾಸನತಜ್ಞ ಜೆ.ಎಫ್. ಫ್ಲೀಟ್ ವಾದಿಸಿದರು. ಶಾಸನ ಹೇಳುವ ತೇದಿಗೂ ಅದರ ಲಿಪಿಯ ಕಾಲಕ್ಕೂ ತಾಳೆಯಾಗುತ್ತದೆಯೇ ಎಂಬುದೇ ಪರೀಕ್ಷೆಯಾಯಿತು.

ಆ ಪರೀಕ್ಷೆಯಲ್ಲಿ ಸೋತ ಶಾಸನವೂ ಕಸವಲ್ಲ. ಅದನ್ನು ಬರೆಸಿದವರಿಗೆ ಏನು ಬೇಕಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಹಾಗೆ ಓದಬೇಕಾದರೆ ಕಲ್ಲು ತನ್ನ ಊರಲ್ಲಿ, ತನ್ನ ಜಾಗದಲ್ಲಿ ಉಳಿದಿರಬೇಕು. ಕೆರೆ ಏರಿಯ ವೀರಗಲ್ಲಿಗೆ, ಗುಡಿ ಮುಂದಿನ ಶಾಸನಕ್ಕೆ ಬಣ್ಣ ಬಳಿಯದೆ, ಅವನ್ನು ಕಿತ್ತು ಚಪ್ಪಡಿ ಮಾಡಿಕೊಳ್ಳದೆ ಕಾಯುವ ಹೊಣೆ ಆ ಊರಿನವರದು, ನಮ್ಮೆಲ್ಲರದು.