ಒಬ್ಬ ರಾಜ, ಆ ರಾಜ ಮತ್ತು ಇಂಗ್ಲಿಷಿನ ‘ದಿ’

1967ರ ನವೆಂಬರ್ 22ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ತನ್ನ 242ನೆಯ ನಿರ್ಣಯವನ್ನು ಅಂಗೀಕರಿಸಿತು. ಆ ವರ್ಷದ ಜೂನ್ ಯುದ್ಧದಲ್ಲಿ ಹಿಡಿದುಕೊಂಡ ಪ್ರದೇಶಗಳಿಂದ ಇಸ್ರೇಲಿನ ಸೇನೆ ಹಿಂದೆ ಸರಿಯಬೇಕೆಂಬುದು ಅದರಲ್ಲಿದ್ದ ಒಂದು ಮುಖ್ಯ ಮಾತು. ಇಂಗ್ಲಿಷ್ ಪಾಠದಲ್ಲಿ ‘ಟೆರಿಟರೀಸ್’ ಎಂಬುದಕ್ಕೆ ಮೊದಲು ‘ದಿ’ ಇಲ್ಲ. ಫ್ರೆಂಚ್ ಪಾಠದಲ್ಲಾದರೋ ಅದೇ ಜಾಗದಲ್ಲಿರುವ ಪುಟ್ಟ ಪದದೊಳಗೆ ಆ ಭಾಷೆಯ ‘ದಿ’ ಸೇರಿಕೊಂಡಿದೆ. ‘ದಿ’ ಇಲ್ಲದ ಮೇಲೆ ಎಲ್ಲ ಪ್ರದೇಶಗಳನ್ನೂ ಬಿಡಬೇಕೆಂದು ಅರ್ಥವಾಗದು ಎಂದು ಇಸ್ರೇಲ್, ಎಲ್ಲವನ್ನೂ ಬಿಡಲೇಬೇಕು ಎಂದು ಅರಬ್ ದೇಶಗಳು ಅಂದಿನಿಂದ ವಾದಿಸುತ್ತ ಬಂದಿವೆ. ಅದು ಕಣ್ತಪ್ಪಿ ಬಿಟ್ಟುಹೋದದ್ದಲ್ಲ, ಬೇಕೆಂದೇ ಬಿಟ್ಟದ್ದು ಎಂದು ಕರಡಿನಲ್ಲಿ ಕೈಯಾಡಿಸಿದವರೇ ಆಮೇಲೆ ಹೇಳಿದರು. ಶಾಲೆಯ ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಲು ಕೊಟ್ಟು ಅರ್ಧ ಅಂಕ ಇಡುವ ಪದ ಇದೇ.

ಆ ಪರೀಕ್ಷೆಗೆ ನಮ್ಮ ಮಕ್ಕಳು ತಯಾರಾಗುವುದು ಪಟ್ಟಿಗಳಿಂದ. ಸೂರ್ಯ, ಚಂದ್ರ, ನದಿ, ಪರ್ವತಶ್ರೇಣಿ, ಪತ್ರಿಕೆಯ ಹೆಸರು ಬಂದರೆ ‘ದಿ’. ಮನುಷ್ಯರ ಹೆಸರಿಗೆ ಏನೂ ಬೇಡ. ಮೊದಲ ಸಲ ಹೇಳಿದರೆ ‘ಎ’, ಎರಡನೇ ಸಲ ‘ದಿ’. ಈ ಪಟ್ಟಿಗಳಲ್ಲಿ ಸುಳ್ಳು ಕಡಿಮೆ. ಆದರೆ ಅವು ಕೇಳುವ ಪ್ರಶ್ನೆಯೇ ತಪ್ಪು. ನಾಮಪದ ಯಾವ ಜಾತಿಯದು ಎಂದು ಅವು ಕೇಳುತ್ತವೆ. ಒಂದೇ ನಾಮಪದ ಒಮ್ಮೆ ‘ಎ’ ಹಾಕಿಕೊಂಡು, ಒಮ್ಮೆ ‘ದಿ’ ಹಾಕಿಕೊಂಡು, ಇನ್ನೊಮ್ಮೆ ಏನೂ ಇಲ್ಲದೆ ಬರುವುದೇಕೆ ಎಂಬುದಕ್ಕೆ ಆ ಪ್ರಶ್ನೆಯಿಂದ ಉತ್ತರ ಸಿಗುವುದಿಲ್ಲ. ಆರ್ಟಿಕಲ್ ನಾಮಪದದ ಗುಣವಲ್ಲ. ಕೇಳುವವನಿಗೆ ಏನು ಗೊತ್ತಿದೆ ಎಂಬುದರ ಬಗ್ಗೆ ಹೇಳುವವನು ಮಾಡುವ ಅಂದಾಜು. ‘ದಿ’ ಎಂದರೆ, ‘ಯಾವುದು ಅಂತ ನಿಮಗೆ ಗೊತ್ತಾಗುತ್ತದೆ’ ಎಂದು ಎದುರಿನವರಿಗೆ ಹೇಳಿದ ಹಾಗೆ. ‘ಎ’ ಎಂದರೆ, ‘ಇಂಥದ್ದು ಒಂದಿದೆ, ಯಾವುದೆಂದು ಗೊತ್ತಿರಬೇಕಾಗಿಲ್ಲ’ ಎಂದ ಹಾಗೆ.

ಈ ಅಂದಾಜಿಗೆ ಎಷ್ಟು ಬಲವಿದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ ಸಹೋದ್ಯೋಗಿಯೊಬ್ಬರ ಜೊತೆ 1975ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಕಾರು ಅಪಘಾತದ ಒಂದು ಕಿರುಚಿತ್ರವನ್ನು ತೋರಿಸಿ, ಒಡೆದ ಹೆಡ್‌ಲೈಟ್ ನೋಡಿದಿರಾ ಎಂದು ಕೇಳಿದರು. ಕೆಲವರಿಗೆ ‘ಎ’ ಹಾಕಿದ ಪ್ರಶ್ನೆ, ಉಳಿದವರಿಗೆ ‘ದಿ’ ಹಾಕಿದ ಪ್ರಶ್ನೆ. ಚಿತ್ರದಲ್ಲಿ ಇಲ್ಲದೇ ಇದ್ದ ವಸ್ತುವನ್ನು ಕೂಡ ‘ನೋಡಿದೆ’ ಎಂದವರು ‘ದಿ’ ಗುಂಪಿನಲ್ಲೇ ಹೆಚ್ಚಾಗಿ ಸಿಕ್ಕರು. ‘ದಿ’ ಎಂದೊಡನೆ ಅಲ್ಲೊಂದು ಒಡೆದ ದೀಪ ಇತ್ತೆಂಬುದು ಆಗಲೇ ತೀರ್ಮಾನವಾದಂತೆ ಕೇಳಿಸುತ್ತದೆ; ನೋಡಿದಿರೋ ಇಲ್ಲವೋ ಎಂಬುದಷ್ಟೇ ಪ್ರಶ್ನೆಯಾಗಿ ಉಳಿಯುತ್ತದೆ. ನ್ಯಾಯಾಲಯದಲ್ಲಿ ಸಾಕ್ಷಿಯ ಬಾಯಿಗೆ ಮಾತು ತುರುಕಬಾರದು ಎನ್ನುತ್ತಾರಲ್ಲ, ಇಂಗ್ಲಿಷಿನಲ್ಲಿ ಅದಕ್ಕೆ ಇಷ್ಟು ಸಾಕು.

ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಅದಕ್ಕೇ ನಮಗೆ ಇದು ಹತ್ತುವುದಿಲ್ಲ ಎಂಬ ಮಾತು ವಾಡಿಕೆಯಲ್ಲಿದೆ. ಅರ್ಧ ಮಾತ್ರ ನಿಜ. ಅಜ್ಜಿ ಕಥೆ ಶುರುವಾಗುವುದು ‘ಒಂದೂರಲ್ಲಿ ಒಬ್ಬ ರಾಜ ಇದ್ದ’ ಎಂದು. ಮುಂದಿನ ವಾಕ್ಯ ‘ಆ ರಾಜನಿಗೆ ಇಬ್ಬರು ಹೆಂಡಿರು’. ಎರಡನೆಯ ವಾಕ್ಯದಲ್ಲೂ ‘ಒಬ್ಬ ರಾಜನಿಗೆ’ ಎಂದರೆ ಕೇಳುವ ಮಗು ತಕ್ಷಣ ‘ಇನ್ನೊಬ್ಬ ರಾಜನಾ?’ ಎಂದು ಕೇಳುತ್ತದೆ. ವ್ಯಾಕರಣ ಓದದ ಆ ಮಗುವಿಗೆ ಗೊತ್ತಿರುವುದು ‘ಎ’ ಮತ್ತು ‘ದಿ’ಯ ವ್ಯತ್ಯಾಸವೇ. ಕನ್ನಡ ಇದನ್ನು ಪದಗಳ ಸ್ಥಾನದಿಂದಲೂ ಹೇಳುತ್ತದೆ. ‘ಬಾಗಿಲಲ್ಲಿ ನಾಯಿ ಮಲಗಿದೆ’ ಎಂದರೆ ಯಾವುದೋ ಒಂದು ನಾಯಿ. ‘ನಾಯಿ ಬಾಗಿಲಲ್ಲಿ ಮಲಗಿದೆ’ ಎಂದರೆ ಸಾಮಾನ್ಯವಾಗಿ ಮನೆಯವರಿಗೆಲ್ಲ ಗೊತ್ತಿರುವ ನಾಯಿ. ವಿಭಕ್ತಿಯಿಂದಲೂ ಹೇಳುತ್ತದೆ. ‘ಹೆಣ್ಣು ನೋಡಲು ಹೋಗಿದ್ದಾರೆ’ ಎಂದಾಗ ಯಾವ ಹೆಣ್ಣು ಎಂಬುದು ಮುಖ್ಯವಲ್ಲ, ಸಂಬಂಧ ಹುಡುಕುವ ಕೆಲಸ ಮುಖ್ಯ. ‘ಹೆಣ್ಣನ್ನು ನೋಡಲು ಹೋಗಿದ್ದಾರೆ’ ಎಂದರೆ ಒಬ್ಬ ನಿರ್ದಿಷ್ಟ ಹುಡುಗಿಯೇ ಕಣ್ಣಮುಂದೆ ಬರುತ್ತಾಳೆ. ಅಂದರೆ ತಿಳಿವಳಿಕೆ ನಮ್ಮಲ್ಲಿ ಇದ್ದೇ ಇದೆ. ವ್ಯತ್ಯಾಸವಿಷ್ಟೇ: ಸಂದರ್ಭದಿಂದ ತಿಳಿಯುವುದಾದರೆ ಕನ್ನಡ ಸುಮ್ಮನಿರುತ್ತದೆ, ಇಂಗ್ಲಿಷ್ ಪ್ರತಿ ಸಲ ಬಾಯಿಬಿಟ್ಟು ಹೇಳಿಸುತ್ತದೆ.

ಹಾಗೆಂದು ‘ದಿ’ಯನ್ನು ‘ಆ’ ಎಂದು ಅನುವಾದಿಸಿಕೊಂಡು ಕೂತರೂ ಕೆಡುತ್ತದೆ. ‘ಬಾಗಿಲು ಹಾಕು’ ಎನ್ನುವಲ್ಲಿ ಇಂಗ್ಲಿಷಿಗೆ ‘ದಿ’ ಬೇಕು, ಕನ್ನಡಕ್ಕೆ ‘ಆ’ ಬೇಡ. ಹಾಕಿದರೆ ಇನ್ನೆತ್ತಲೋ ಇರುವ ಬಾಗಿಲಿಗೆ ಬೆರಳು ತೋರಿಸಿದಂತಾಗುತ್ತದೆ. ‘ಎರಡನೇ ಸಲ ದಿ’ ಎಂಬ ಸೂತ್ರ ಸೋಲುವುದೂ ಇಂಥಲ್ಲೇ. ಒಬ್ಬ ಹಳೆಯ ಸ್ಕೂಟರ್ ಕೊಂಡ, ಎಂಜಿನ್ ಸರಿಯಿರಲಿಲ್ಲ ಎಂಬ ವಾಕ್ಯದಲ್ಲಿ ಎಂಜಿನ್ ಮಾತು ಬಂದದ್ದು ಅದೇ ಮೊದಲು. ಆದರೂ ಇಂಗ್ಲಿಷಿನಲ್ಲಿ ಅಲ್ಲಿ ‘ದಿ’. ಸ್ಕೂಟರ್ ಎಂದ ಮೇಲೆ ಅದಕ್ಕೊಂದು ಎಂಜಿನ್ ಇರುವುದು ಕೇಳುವವನಿಗೆ ಗೊತ್ತೇ ಇದೆಯಲ್ಲ.

‘ಎ’ ಮತ್ತು ‘ಆ್ಯನ್’ ಕಥೆ ಬೇರೆ; ಅದು ಅರ್ಥದ್ದಲ್ಲ, ಕಿವಿಯದು. ಹಳೆಯ ಇಂಗ್ಲಿಷಿನಲ್ಲಿ ಒಂದು ಎಂಬ ಸಂಖ್ಯೆಯೇ ಸವೆದು ‘ಆ್ಯನ್’ ಆಯಿತು, ವ್ಯಂಜನದ ಮುಂದೆ ಇನ್ನೂ ಸವೆದು ‘ಎ’ ಆಯಿತು. ಗಡಿ ಎಷ್ಟು ಮಸುಕಾಗಿತ್ತೆಂದರೆ, ಹಿಂದೆ ‘ನೇಪ್ರನ್’ ಆಗಿದ್ದ ಪದ ತನ್ನ ನಕಾರವನ್ನು ಆರ್ಟಿಕಲ್‌ಗೆ ಬಿಟ್ಟುಕೊಟ್ಟು ಇಂದಿನ ‘ಏಪ್ರನ್’ ಆಗಿದೆ. ನೋಡಬೇಕಾದದ್ದು ಮೊದಲ ಅಕ್ಷರವನ್ನಲ್ಲ, ಮೊದಲ ಧ್ವನಿಯನ್ನು: ‘ಅವರ್’ ಎಂಬ ಗಂಟೆಗೆ ‘ಆ್ಯನ್’, ‘ಯೂನಿವರ್ಸಿಟಿ’ಗೆ ‘ಎ’. ಇಲ್ಲಿ ಕನ್ನಡದ ನಾಲಿಗೆ ಒಂದು ತೊಡಕು ತಂದಿಡುತ್ತದೆ. ನಾವು ಎಲೆಯನ್ನು ‘ಯೆಲೆ’ ಎಂದು, ಒಳಗೆ ಎಂಬುದನ್ನು ‘ವೊಳಗೆ’ ಎಂದು ನುಡಿಯುವವರು. ಅದೇ ಬಾಯಲ್ಲಿ ಶಾಸಕರು ‘ಯೆಮ್ಮೆಲ್ಲೆ’ ಆಗುತ್ತಾರೆ. ಆ ಉಚ್ಚಾರಣೆಗೆ ‘ಎ’ ಹಾಕುವುದೇ ತರ್ಕಬದ್ಧ. ಇಂಗ್ಲಿಷಿನವರ ಉಚ್ಚಾರಣೆ ಸ್ವರದಿಂದ ಶುರುವಾಗುವುದರಿಂದ ಬರಹದಲ್ಲಿ ‘ಆ್ಯನ್’ ಸರಿ. ಇಂಥಲ್ಲಿ ಸ್ವಂತ ಕಿವಿಗಿಂತ ನಿಘಂಟು ಲೇಸು.

ಆರ್ಟಿಕಲ್ ಎಂದರೆ ಕೇಳುವವನ ತಿಳಿವಿನ ಅಂದಾಜು ಎಂಬ ಮಾತಿಗೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು, ಆರ್ಟಿಕಲ್ ಬಳಕೆಯಲ್ಲಿ ಬಹುಪಾಲು ಬರೀ ರೂಢಿ ಎಂಬುದು. ಹಿಮಾಲಯಕ್ಕೆ ‘ದಿ’, ಎವರೆಸ್ಟಿಗೆ ಇಲ್ಲ. ಆಸ್ಪತ್ರೆಗೆ ಸೇರಿದ ರೋಗಿಯ ವಿಷಯದಲ್ಲಿ ಬ್ರಿಟಿಷರು ‘ದಿ’ ಬಿಡುತ್ತಾರೆ, ಅಮೆರಿಕನ್ನರು ಹಾಕುತ್ತಾರೆ. ಒಪ್ಪಲೇಬೇಕು, ಇವುಗಳಲ್ಲಿ ಕೆಲವನ್ನು ಬಾಯಿಪಾಠ ಮಾಡದೆ ಗತಿಯಿಲ್ಲ. ಆದರೂ ರೂಢಿಯ ಅಡಿಯಲ್ಲಿ ಅರ್ಥ ಆಗಾಗ ಕದಲುತ್ತದೆ. ಉಕ್ರೇನಿಗೆ ಇಂಗ್ಲಿಷಿನವರು ಹಿಂದೆ ‘ದಿ’ ಸೇರಿಸುತ್ತಿದ್ದರು. 1991ರಲ್ಲಿ ಸ್ವತಂತ್ರವಾದ ಮೇಲೆ ಆ ದೇಶದವರು ಅದನ್ನು ಒಲ್ಲೆವೆಂದರು, ಇನ್ನೊಂದು ರಾಜ್ಯದ ಒಂದು ಸೀಮೆ ಎಂಬಂತೆ ಅದು ಕೇಳಿಸುತ್ತದೆಂದು. ಈಗ ಅದು ಬಹುಮಟ್ಟಿಗೆ ಬಿಟ್ಟುಹೋಗಿದೆ. ಓದಲು ಶಾಲೆಗೆ ಹೋಗುವ ಹುಡುಗನ ವಾಕ್ಯದಲ್ಲಿ ‘ದಿ’ ಇಲ್ಲದೆ, ಫೀಸು ಕಟ್ಟಲು ಹೋಗುವ ಅಪ್ಪನ ವಾಕ್ಯದಲ್ಲಿ ಇರುವುದೂ ಹೀಗೆಯೇ: ಮಗನದು ಓದುವ ಕೆಲಸ, ಅಪ್ಪನದು ಒಂದು ಕಟ್ಟಡಕ್ಕೆ ಹೋಗಿ ಬರುವುದು. ‘ಹೆಣ್ಣು’ ಮತ್ತು ‘ಹೆಣ್ಣನ್ನು’ ನಡುವಿನ ಅಂತರವನ್ನು ಬಲ್ಲವರಿಗೆ ಇದೇನು ಹೊಸದಲ್ಲ.

ಇನ್ನೊಂದು ಆಕ್ಷೇಪ: ಬಿಟ್ಟರೇನಂತೆ, ಅರ್ಥವಾಗುವುದಿಲ್ಲವೇ? ಪತ್ರಿಕೆಯ ತಲೆಬರಹಗಳು ಬಿಡುತ್ತವೆ, ಭಾರತೀಯ ಇಂಗ್ಲಿಷ್ ಬಿಡುತ್ತದೆ. ಮಾತಿನಲ್ಲಿ ಒಂದು ‘ದಿ’ ಹಾರಿಹೋದುದಕ್ಕೆ ನಗುವವರನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಆದರೆ ಬರಹದಲ್ಲಿ ಎದುರಿನವರ ಮುಖ ಕಾಣುವುದಿಲ್ಲ. ‘ಫ್ಯೂ’ ಎಂದರೆ ಇಲ್ಲವೆನ್ನುವಷ್ಟು ಕಡಿಮೆ; ‘ಎ ಫ್ಯೂ’ ಎಂದರೆ ಒಂದಷ್ಟು ಇದೆ. ಸಂಘದ ಕಾರ್ಯದರ್ಶಿ ಮತ್ತು ಖಜಾಂಚಿ ಸಹಿ ಹಾಕಬೇಕೆಂಬಲ್ಲಿ ಒಂದೇ ‘ದಿ’ ಇದ್ದರೆ ಎರಡೂ ಹುದ್ದೆ ಒಬ್ಬರದೇ ಎಂದು ಓದಬಹುದು, ಎರಡು ‘ದಿ’ ಇದ್ದರೆ ಇಬ್ಬರು. 1969ರಲ್ಲಿ ಚಂದ್ರನ ಮೇಲೆ ಕಾಲಿಟ್ಟಾಗ ನೀಲ್ ಆರ್ಮ್‌ಸ್ಟ್ರಾಂಗ್ ಆಡಿದ ಪ್ರಸಿದ್ಧ ಮಾತಿನಲ್ಲಿ ‘ಮ್ಯಾನ್’ಗೆ ಮೊದಲು ‘ಎ’ ಕೇಳಿಸುವುದಿಲ್ಲ. ‘ಎ’ ಇಲ್ಲದ ‘ಮ್ಯಾನ್’ ಎಂದರೆ ಇಡೀ ಮನುಕುಲ. ಹೀಗಾಗಿ ಮನುಕುಲದ್ದು ಸಣ್ಣ ಹೆಜ್ಜೆ, ಮನುಕುಲದ್ದೇ ದೊಡ್ಡ ನೆಗೆತ ಎಂದಾಗಿಬಿಟ್ಟಿತು. ತಾನು ಹೇಳಹೊರಟದ್ದು ‘ಎ’ ಸೇರಿಸಿಯೇ ಎಂದು ಅವರು ಮುಂದೆ ಸ್ಪಷ್ಟಪಡಿಸಿದರು.

ಕನ್ನಡ ನಿಜಕ್ಕೂ ದಾರಿ ತಪ್ಪಿಸುವುದು ಎಣಿಕೆಯಲ್ಲಿ. ಒಂದು ಸಲಹೆ, ಎರಡು ಮಾಹಿತಿ ಎಂದು ನಾವು ಎಣಿಸುತ್ತೇವೆ, ಅದನ್ನೇ ಇಂಗ್ಲಿಷಿಗೆ ಒಯ್ದು ‘ಆ್ಯನ್ ಅಡ್ವೈಸ್’ ಎನ್ನುತ್ತೇವೆ. ಇಂಗ್ಲಿಷಿಗೆ ಸಲಹೆ, ಮಾಹಿತಿ, ಪೀಠೋಪಕರಣ ಮೂರೂ ಅಕ್ಕಿ, ನೀರಿನ ಸಾಲಿಗೆ ಸೇರಿದವು, ಎಣಿಸುವಂತಿಲ್ಲ. ಇದಕ್ಕೆ ಕಾರಣ ಹುಡುಕಿ ಫಲವಿಲ್ಲ, ಫ್ರೆಂಚರು ಸಲಹೆಯನ್ನು ನಮ್ಮ ಹಾಗೆಯೇ ಎಣಿಸುತ್ತಾರೆ. ಕಾಫಿಯನ್ನು ಮಾತ್ರ ಇಂಗ್ಲಿಷಿನವರೂ ಹೋಟೆಲಿನಲ್ಲಿ ಎಣಿಸುತ್ತಾರೆ. ದರ್ಶಿನಿಯ ಕೌಂಟರಿನಲ್ಲಿ ‘ಎ ಕಾಫಿ’ ಎಂದು ಕೇಳಿದರೆ ತಪ್ಪೇನಿಲ್ಲ, ಬೈಟೂ ಬೇಕಾದರೆ ಹೇಗೂ ಕನ್ನಡದಲ್ಲೇ ಹೇಳಬೇಕು.